ಪ್ರೇಮಕ್ಕನ ಕಣ್ಣಿನ ಮದ್ದು ಕೋಳಿ ಅಂಗಡಿಯಲ್ಲಿ

ಕೊಣನೂರಿನಿಂದ ಬೆಳಿಗ್ಗೆ ಆರೂವರೆಗೆ ಹೊರಡುವ ಚನ್ನರಾಯಪಟ್ಟಣದ ಬಸ್ಸಿಗೆ ಒಂದು ಹೆಸರಿದೆ. ಬೋರ್ಡಿನ ಮೇಲೆ ಆ ಹೆಸರಿಲ್ಲ, ಡಿಪೋದ ಕಾಗದದಲ್ಲೂ ಇಲ್ಲ. ಜನ ಮಾತ್ರ ಅದನ್ನು ‘ಪ್ರೇಮಕ್ಕನ ಗಾಡಿ’ ಅನ್ನುತ್ತಾರೆ. ಓಡಿಸುವವನು ಕಾಂತರಾಜು. ಹದಿನಾಲ್ಕು ವರ್ಷದಿಂದ ಸ್ಟೇರಿಂಗ್ ಹಿಡಿದು ತಿರುಗಿಸುತ್ತಿರುವವನು ಅವನು, ಹೆಸರು ಮಾತ್ರ ಕಂಡಕ್ಟರಮ್ಮನದು. ಇದರ ಬಗ್ಗೆ ಅವನಿಗೆ ಬೇಸರವಿದೆಯೇ ಅಂದರೆ, ಇದೆ. ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ ಗಾಡಿಗೆ ಹಾರ ಹಾಕುವಾಗ ಅದನ್ನು ಹೇಳಿಕೊಂಡು ಹಗುರಾಗುತ್ತಾನೆ.

ಪ್ರೇಮಕುಮಾರಿಗೆ ಈಗ ನಲವತ್ತೊಂಬತ್ತು. ಅದರಲ್ಲಿ ಇಪ್ಪತ್ತೆರಡು ವರ್ಷ ನಿಂತೇ ಕಳೆದಿದ್ದಾಳೆ. ಹಣೆಯಲ್ಲಿ ವಿಭೂತಿ, ಖಾಕಿ ಅಂಗಿಯ ಒಳಗೆ ಇಷ್ಟಲಿಂಗ, ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮಿಷಿನ್. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಗಾಡಿಯೊಳಗೆ ಸಾಸಿವೆ ಹಾಕಿದರೂ ಕೆಳಗೆ ಬೀಳದಷ್ಟು ಜನ. ಅಷ್ಟರ ನಡುವೆಯೂ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದೆಲ್ಲ ಅವಳಿಗೆ ಗೊತ್ತು. ಮಾತು ಬಿಟ್ಟವರನ್ನು ಒಂದೇ ಸೀಟಿನಲ್ಲಿ ಕೂರಿಸುವುದು ಅವಳಿಗೆ ಒಂದು ಖುಷಿ. ಹೊಳೆನರಸೀಪುರ ಬರುವಷ್ಟರಲ್ಲಿ ಅವರಿಬ್ಬರೂ ಸೇರಿ ಮೂರನೆಯವರನ್ನು ಬಯ್ಯುತ್ತಿರುತ್ತಾರೆ.

ಈ ಕೆಲಸದ ಆರ್ಡರ್ ಬಂದಾಗ ನೆಂಟರಲ್ಲಿ ಗುಸುಗುಸು ಎದ್ದಿತ್ತು. ಲಿಂಗವಂತರ ಮನೆಯ ಸೊಸೆ ಗಂಡಸರ ನಡುವೆ ನುಗ್ಗಾಡಿಕೊಂಡು ಟಿಕೆಟ್ ಹರಿಯುವುದೇ? ಮಾವ ಪಂಚಾಕ್ಷರಯ್ಯನವರು ಆಗ ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊತ್ತು ವ್ಯಾಪಾರ ಮಾಡುತ್ತಿದ್ದವರು. ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. “ದುಡಿಯಾಕೆ ಹೋಗ್ತಾಳೆ, ಕದಿಯಾಕಲ್ಲ” ಅಂದರು. ಮೊದಲ ದಿನ ತಾವೇ ಬುತ್ತಿ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿನ ತನಕ ಬಂದು, ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದರು. ಅದನ್ನು ಪ್ರೇಮಕುಮಾರಿ ಈವತ್ತಿಗೂ ಮರೆತಿಲ್ಲ. ಗಂಡ ಗೌರೀಶನ ವಿಷಯ ಬೇರೆ. ಗೊಬ್ಬರದ ಅಂಗಡಿ ನೋಡಿಕೊಳ್ಳುವ ಸಾಧು ಮನುಷ್ಯ. ಮನೆಯಲ್ಲಿ ಏನೇ ಜಗಳವಾದರೂ ಎರಡೂ ಕಡೆ ನ್ಯಾಯವಿದೆ ಅಂತ ಹೇಳಿ ಅಂಗಡಿಗೆ ಹೋಗಿಬಿಡುತ್ತಾನೆ.

ಕಣ್ಣಿನ ತಕರಾರು ಶುರುವಾದದ್ದು ಎರಡು ವರ್ಷದ ಹಿಂದೆ. ಕಣ್ಣೊಳಗೆ ಯಾರೋ ಮರಳು ಸುರಿದಂತೆ ಉರಿ. ಕಿಟಕಿಯ ದೂಳು ಅಂದುಕೊಂಡಳು. ಆಮೇಲೆ ಬಾಯಿ ಒಣಗತೊಡಗಿತು. ‘ಹೊಳೆನರಸೀಪುರ’ ಅಂತ ಕೂಗುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿ, ಜನ ‘ಯಾವ ಪುರ?’ ಅಂತ ಕೇಳುವ ಹಾಗಾಯಿತು. ಬೆಳಿಗ್ಗೆ ಎದ್ದರೆ ಬೆರಳಿನ ಗೆಣ್ಣುಗಳೆಲ್ಲ ಬಿಗಿತ. ಕಾಂತರಾಜು ಮೆಡಿಕಲ್ ಸ್ಟೋರಿನಿಂದ ಯಾವುದೋ ಡ್ರಾಪ್ಸ್ ತಂದುಕೊಟ್ಟ. ಹಾಕಿದ ಗಳಿಗೆ ತಂಪು, ಮರುಗಳಿಗೆ ಮತ್ತೆ ಉರಿ.

ಆಗ ಮಾವನವರು ಮದ್ದು ಹೇಳಿದರು. ಈ ಮದ್ದಿನ ಕಥೆ ತಿಳಿಯಬೇಕಾದರೆ ಅವರ ಪೂಜೆಯನ್ನು ನೋಡಿರಬೇಕು. ಎಂಬತ್ತೊಂದರ ಮುದುಕರು ದಿನಾ ಬೆಳಗಿನ ಜಾವ ಮಿಂದು, ಇಷ್ಟಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡು, ಅದನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ರೆಪ್ಪೆ ಅಲುಗುವುದಿಲ್ಲ. ನೊಣ ಬಂದು ಮೂಗಿನ ಮೇಲೆ ಕೂತರೂ ಅಲುಗುವುದಿಲ್ಲ. ಕೊಣನೂರಿನಲ್ಲಿ ಈ ವಿಷಯದಲ್ಲಿ ತಮಗೆ ಸಾಟಿಯಿಲ್ಲ ಅನ್ನುವುದು ಅವರಿಗೆ ಗೊತ್ತು, ಗೊತ್ತಿರುವುದು ಮುಖದಲ್ಲಿ ಕಾಣುತ್ತದೆ ಕೂಡ.

“ನಿನ್ನ ದೃಷ್ಟಿ ಬೆಳಿಗ್ಗೆಯಿಂದ ಸಂಜೆ ತಂಕ ಸಾವಿರ ಕಡೆ ಚದುರ್ತದೆ ಕಣಮ್ಮ. ಅದುಕ್ಕೇ ಉರಿ. ನನ್ನ ಎದುರಿಗೆ ಕೂತ್ಕೊ. ಲಿಂಗಾನ ಎವೆ ಬಡೀದಂಗೆ ನೋಡು” ಅಂದರು.

ಪ್ರೇಮಕುಮಾರಿ ಕೂತಳು. ಮೊದಲ ದಿನ ನಿಮಿಷ ತುಂಬುವ ಮೊದಲೇ ಎರಡೂ ಕಣ್ಣಿನಿಂದ ಬಳಬಳ ನೀರು. ಮಾವನವರಿಗೆ ಆನಂದವೋ ಆನಂದ. “ನೋಡ್ದಾ? ಒಳಗಿನ ಕೊಳೆಯೆಲ್ಲ ಹೋಗ್ತಾ ಅದೆ!” ಅವಳೂ ನಂಬಿದಳು. ಎರಡು ನಿಮಿಷ ಐದಾಯಿತು, ಐದು ಹತ್ತಾಯಿತು. ತಿಂಗಳು ಕಳೆಯುವಷ್ಟರಲ್ಲಿ ನೀರು ಬರುವುದು ನಿಂತೇಹೋಯಿತು. ಕೊಳೆಯೆಲ್ಲ ಖಾಲಿಯಾಯಿತು ಅಂತ ಮಾವನವರು ತೀರ್ಮಾನಿಸಿದರು. ಉರಿ ಮಾತ್ರ ಇಮ್ಮಡಿಯಾಗಿತ್ತು.

ಹೀಗಿರುವಾಗ ಒಂದು ದಿನ ಹಳ್ಳಿಮೈಸೂರಿನ ಸ್ಟಾಪಿನಲ್ಲಿ ಆಗಬಾರದ್ದು ಆಗಿಬಿಡುವುದರಲ್ಲಿತ್ತು. ತರಕಾರಿ ಮಾರುವ ಸಣ್ಣಕ್ಕ ಅನ್ನುವ ಮುದುಕಿ ಬಿದಿರಿನ ಮಂಕರಿ ಸಮೇತ ಇಳಿಯುತ್ತಿದ್ದಳು. ಪ್ರೇಮಕುಮಾರಿಗೆ ಕಣ್ಣು ಚುಚ್ಚಿದಂತಾಗಿ ಗಟ್ಟಿಯಾಗಿ ಮುಚ್ಚಿಕೊಂಡಳು. ಮುಚ್ಚಿಕೊಂಡೇ ಅಭ್ಯಾಸಬಲದಿಂದ ‘ರೈಟ್’ ಅಂದುಬಿಟ್ಟಳು. ಕಾಂತರಾಜು ಗಾಡಿ ಬಿಟ್ಟ. ಸಣ್ಣಕ್ಕನ ಒಂದು ಕಾಲು ನೆಲದಲ್ಲಿ, ಇನ್ನೊಂದು ಮೆಟ್ಟಿಲ ಮೇಲೆ. ಕೆಳಗೆ ನಿಂತಿದ್ದ ಯಾರೋ ಪುಣ್ಯಾತ್ಮ ಹಿಡಿದುಕೊಂಡ. ಮಂಕರಿ ಉರುಳಿ ಬದನೆಕಾಯಿ ರಸ್ತೆಯ ಪಾಲಾಯಿತು.

“ಏನೂ ಆಗಿಲ್ಲ ಕಣವ್ವಾ, ಬದ್ನೇಕಾಯ್ಗೆ ಒಸಿ ಪೆಟ್ಟಾಯ್ತು ಅಷ್ಟೇಯ” ಅಂತ ಸಣ್ಣಕ್ಕ ನಕ್ಕಳು. ಪ್ರೇಮಕುಮಾರಿಗೆ ನಗು ಬರಲಿಲ್ಲ. ಯಾರೂ ದೂರು ಕೊಡಲಿಲ್ಲ, ಕಾಂತರಾಜು ‘ಬಿಡಿ ಮೇಡಂ, ಯಾರ್ಗೂ ಗೊತ್ತಾಗಲ್ಲ’ ಅಂದ. ಅವಳು ಸಂಜೆ ನೇರವಾಗಿ ಡಿಪೋಗೆ ಹೋಗಿ, ಮ್ಯಾನೇಜರ್ ಅನಿಲ್‌ಕುಮಾರ್ ಮುಂದೆ ನಿಂತು, ನಡೆದದ್ದನ್ನು ತಾನೇ ಹೇಳಿದಳು.

ಮ್ಯಾನೇಜರು ಒಳ್ಳೆಯವರು. ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. “ಮೂರು ತಿಂಗಳು ಆಫೀಸಿನಲ್ಲಿ ಕೂತ್ಕೊಳ್ಳಿ ಅಮ್ಮ. ಚೆನ್ನಾಗಿ ತೋರಿಸ್ಕೊಳ್ಳಿ. ಕಣ್ಣು ಸರಿಯಿದೆ ಅಂತ ಡಾಕ್ಟರು ಬರ್ಕೊಟ್ರೆ ಗಾಡಿ ಹತ್ತಿ. ಬರ್ಕೊಡ್ಲಿಲ್ಲ ಅಂದ್ರೆ ರಿಟೈರ್ ಆಗೋ ತನಕ ಇಲ್ಲೇ, ಫ್ಯಾನ್ ಕೆಳಗೆ, ನೆರಳಲ್ಲಿ” ಅಂದರು. ಎಷ್ಟೋ ಜನ ಅರ್ಜಿ ಹಾಕಿ ಕಾಯುವ ಜಾಗ ಅದು. ಪ್ರೇಮಕುಮಾರಿಗೆ ಮಾತ್ರ ಜೈಲಿನ ಬಾಗಿಲು ಕಂಡಂತಾಯಿತು. ಇಪ್ಪತ್ತೆರಡು ವರ್ಷ ಜನರ ಮಧ್ಯೆ ನಿಂತವಳು ಫೈಲಿನ ಮಧ್ಯೆ ಕೂತು ಏನು ಮಾಡಬೇಕು? ಫೈಲುಗಳನ್ನು ಒಂದೇ ಸೀಟಿನಲ್ಲಿ ಕೂರಿಸಿದರೆ ಅವು ಮಾತಾಡುವುದಿಲ್ಲ.

ಹಾಸನದ ಕಣ್ಣಿನ ಡಾಕ್ಟರು ಸ್ನೇಹಲತಾ ಅನ್ನುವವರು, ನಗುಮುಖದ ಹೆಂಗಸು. ಕೆಳರೆಪ್ಪೆಯ ಒಳಗೆ ಗೆರೆ ಹಾಕಿದ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣು ಮುಚ್ಚಿಸಿ ಕೂರಿಸಿದರು. ಆರೋಗ್ಯವಂತರ ಕಣ್ಣಾದರೆ ಹದಿನೈದು ಗೆರೆಯಾದರೂ ನೆನೆಯುತ್ತದಂತೆ. ಇವಳದು ಎರಡು ಗೆರೆ. ಹಳದಿ ಬಣ್ಣದ ನೀರು ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರೆ ಕಣ್ಣುಗುಡ್ಡೆಯ ತುಂಬಾ ರಾಗಿಹಿಟ್ಟು ಉದುರಿಸಿದಂತೆ ಚುಕ್ಕೆ. ಬಾಯಿ ಒಣಗುವುದು, ಗೆಣ್ಣು ನೋವು ಎಲ್ಲ ಕೇಳಿ, ರಕ್ತ ಪರೀಕ್ಷೆ ಮಾಡಿಸಿ, ಕೀಲಿನ ಡಾಕ್ಟರ ಹತ್ತಿರವೂ ಕಳಿಸಿದರು. ಕೊನೆಗೆ ಕೂರಿಸಿ ಹೇಳಿದರು.

“ಇದಕ್ಕೆ ಶೋಗ್ರೆನ್ ಅಂತ ಹೆಸರು. ರೋಗದಿಂದ ನಮ್ಮನ್ನ ಕಾಯೋಕೆ ಅಂತ ಮೈಯೊಳಗೆ ಒಂದು ಪಡೆ ಇರುತ್ತಲ್ಲ, ಅದೇ ತಪ್ಪು ತಿಳ್ಕೊಂಡು ಕಣ್ಣೀರು ಮಾಡೋ ಗ್ರಂಥಿಗೆ, ಎಂಜಲು ಮಾಡೋ ಗ್ರಂಥಿಗೆ ಹೊಡೀತಾ ಇದೆ.”

ಪ್ರೇಮಕುಮಾರಿ ಯೋಚಿಸಿದಳು. “ಅಂದ್ರೆ ಮೇಡಂ, ನಮ್ಮ ಗಾಡಿಗೆ ನಮ್ಮ ಚೆಕಿಂಗ್‌ನೋರೇ ಕಲ್ಲು ತೂರ್ದಂಗೆ.”

ಡಾಕ್ಟರು ಜೋರಾಗಿ ನಕ್ಕರು. “ಹೂಂ, ಹಾಗೇ. ಪೂರ್ತಿ ವಾಸಿ ಆಗಲ್ಲ, ಆದ್ರೆ ಹತೋಟಿಗೆ ತರಬಹುದು. ಕಲ್ಲು ತೂರೋರನ್ನ ಕೀಲಿನ ಡಾಕ್ಟರು ಮಾತ್ರೆ ಕೊಟ್ಟು ಸಮಾಧಾನ ಮಾಡ್ತಾರೆ. ಕಣ್ಣಿನ ಮೂಲೆಯಲ್ಲಿ ನೀರು ಹರಿದು ಹೋಗೋ ಸಣ್ಣ ತೂತಿದೆ, ಅದಕ್ಕೆ ನಾನು ಬಿರಡೆ ಇಡ್ತೀನಿ, ಇರೋ ನೀರು ಉಳಿಯುತ್ತೆ. ಆಮೇಲೆ ನಿಮ್ಮ ರಕ್ತ ತೆಗೆದು, ಅದರ ತಿಳಿಯಿಂದ ಡ್ರಾಪ್ಸ್ ಮಾಡಿಸ್ತೀನಿ. ದಿನಕ್ಕೆ ಆರು ಸಲ. ಸಣ್ಣ ಸಣ್ಣ ಬಾಟ್ಲಿ, ಎಲ್ಲ ಫ್ರೀಜರಿನಲ್ಲಿ ಗಟ್ಟಿಯಾಗಿ ಇರ್ಬೇಕು. ದಿನಕ್ಕೊಂದು ಹೊರಗೆ ತೆಗೆದು, ಐಸಿನ ಜೊತೆ ಇಟ್ಕೊಂಡು, ಅವತ್ತೇ ಮುಗಿಸ್ಬೇಕು.” ಆಮೇಲೆ ಸುಮ್ಮನೆ ಕೇಳಿದರು, “ಮನೇಲಿ ಬೇರೆ ಏನಾದ್ರೂ ಮದ್ದು ಮಾಡ್ತಿದ್ರಾ?”

ಪ್ರೇಮಕುಮಾರಿ ಹತ್ತು ನಿಮಿಷದ ದೃಷ್ಟಿಯ ವಿಷಯ ಹೇಳಿದಳು.

“ರೆಪ್ಪೆ ಬಡೀದೇನೇ?”

“ಒಂದು ಸಲಾನೂ ಬಡ್ದಿಲ್ಲ ಮೇಡಂ” ಅಂದಳು, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಮ್ಮಾ, ಇದ್ದಬದ್ದ ನೀರೂ ಆರಿಹೋಗಿರೋದು ಅದರಿಂದಲೇ. ಪೂಜೆ ಮಾಡಿ, ಬೇಡ ಅನ್ನಲ್ಲ. ಆದ್ರೆ ರೆಪ್ಪೆ ಪೂರ್ತಿ ಮುಚ್ಚಿ, ಪೂರ್ತಿ ತೆರೀರಿ. ನಿಮಿಷಕ್ಕೆ ಹತ್ತು ಹನ್ನೆರಡು ಸಲ. ನಿಮಗೆ ಅದೂ ಒಂದು ಮದ್ದು.”

ಬಾಟ್ಲಿಗಳು ತಯಾರಾದ ದಿನ ಪ್ರೇಮಕುಮಾರಿ ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹಾಸನದಿಂದ ಬಂದಳು. ಮಾವನವರು ಜಗಲಿಯಲ್ಲಿ ಕೂತಿದ್ದರು. ಇದೇನಮ್ಮ ಅಂದರು. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. “ಕಣ್ಣಿನ ಮದ್ದು ಮಾವ. ನನ್ನ ರಕ್ತದಿಂದ ಮಾಡಿದ್ದು” ಅಂದಳು.

ಪಂಚಾಕ್ಷರಯ್ಯನವರ ಮುಖ ಕಪ್ಪಿಟ್ಟಿತು. ಆ ಫ್ರಿಜ್ಜಿನಲ್ಲಿ ಪೂಜೆಯ ಹಾಲಿದೆ, ಹೂವಿದೆ, ಬಿಲ್ವಪತ್ರೆಯಿದೆ. ಮೊಟ್ಟೆಯ ಬಿಸ್ಕತ್ತು ಕೂಡ ಆ ಮನೆಯ ಹೊಸಿಲು ದಾಟಿಲ್ಲ. “ರಕ್ತ ಒಳಗೆ ಬ್ಯಾಡ ಕಣಮ್ಮ” ಅಂದರು. ಪೂಜೆಯಲ್ಲಿ ರೆಪ್ಪೆ ಬಡಿಯಬೇಕಂತೆ ಅನ್ನುವ ವಿಷಯ ಕೇಳಿದ ಮೇಲಂತೂ ಎದ್ದು ಒಳಗೆ ಹೋಗಿಬಿಟ್ಟರು. ಗೌರೀಶ ಇಬ್ಬರ ಮುಖವನ್ನೂ ನೋಡಿ, ಎರಡೂ ಕಡೆ ನ್ಯಾಯವಿದೆ ಅಂತ ಹೇಳಿ ಅಂಗಡಿಗೆ ಹೋದ.

ಎಂಬತ್ತು ದಾಟಿದವರ ಹತ್ತಿರ ವಾದ ಮಾಡಲು ಪ್ರೇಮಕುಮಾರಿಗೆ ಮನಸ್ಸಾಗಲಿಲ್ಲ. ಅವರ ಮೇಲೆ ಸಿಟ್ಟೂ ಬಂತು, ಸಿಟ್ಟು ಬಂದದ್ದಕ್ಕೆ ದುಃಖವೂ ಆಯಿತು. ಪೆಟ್ಟಿಗೆ ಎತ್ತಿಕೊಂಡು ಬೀದಿಗೆ ಬಂದಳು. ಒಳಗೆ ಐಸು ಕರಗುತ್ತಿತ್ತು. ನಾಲ್ಕು ಮನೆ ಆಚೆ ರಾಮಣ್ಣ ತನ್ನ ಕೋಳಿ ಅಂಗಡಿಯ ಮುಂದೆ ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದ.

“ಏನ್ ಪ್ರೇಮಕ್ಕ, ಐಸ್‌ಕ್ರೀಮಾ?”

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ರಾಮಣ್ಣ ನಲ್ಲಿ ನಿಲ್ಲಿಸಿದ. “ನನ್ ತಾವ ಆಳುದ್ದದ ಫ್ರೀಜರ್ ಅದೆ. ಕರೆಂಟ್ ಓದ್ರೆ ಜನರೇಟರೂ ಅದೆ. ಆದ್ರೆ ಕೋಳಿ ಅಂಗ್ಡಿ ಕಣಕ್ಕ. ನಿಮ್ಗೆ ಆಯ್ತದಾ?”

“ನನಗೆ ಗಾಡಿ ಬೇಕು ರಾಮಣ್ಣ” ಅಂದಳು ಪ್ರೇಮಕುಮಾರಿ.

ಅಂದಿನಿಂದ ದಿನಾ ಬೆಳಿಗ್ಗೆ, ಊರು ಪೂರ್ತಿ ಏಳುವ ಮೊದಲು, ಅವಳು ಸೆರಗು ಹೊದ್ದು ಕೋಳಿ ಅಂಗಡಿಗೆ ಹೋಗತೊಡಗಿದಳು. ಆ ದಿನದ ಬಾಟ್ಲಿ ತೆಗೆದು ಅಂಗೈಯಲ್ಲಿ ಹಿಡಿದು ಕರಗಿಸಿಕೊಂಡು, ಫ್ಲಾಸ್ಕಿನಲ್ಲಿ ಐಸು ತುಂಬಿಸಿಕೊಂಡು, ಮೊದಲ ಹನಿ ಅಲ್ಲೇ ಸ್ಟೂಲಿನ ಮೇಲೆ ಕೂತು ಹಾಕಿಕೊಂಡು ಬರುವುದು. ಆಮೇಲೆ ತನ್ನದೇ ಗಾಡಿಯಲ್ಲಿ ಪ್ರಯಾಣಿಕಳಾಗಿ ಕೂತು ಅರಕಲಗೂಡಿನ ಡಿಪೋಗೆ. ಶಶಿಕುಮಾರ್ ಅನ್ನುವ ಹೊಸ ಕಂಡಕ್ಟರು ಅವಳ ಜಾಗದಲ್ಲಿ ನಿಂತು ಟಿಕೆಟ್ ಕೊಡುತ್ತಿದ್ದ. ಅವನು ಪ್ರತಿ ಸ್ಟಾಪಿನಲ್ಲಿ ‘ರೈಟ್’ ಅಂದಾಗಲೆಲ್ಲ ಅವಳ ಗಂಟಲಲ್ಲೂ ಒಂದು ‘ರೈಟ್’ ಎದ್ದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಊರಿನಲ್ಲಿ ಇಂಥದ್ದು ಎಷ್ಟು ದಿನ ಮುಚ್ಚಿಟ್ಟಿರುತ್ತದೆ? ಹದಿನೈದನೇ ದಿನಕ್ಕೆ ಹೂವಿನ ರುದ್ರೇಶ ಪೂಜೆಯ ಹೂವು ಕೊಡಲು ಬಂದವನು ತಲೆ ಕೆರೆದುಕೊಂಡ. “ಯಜಮಾನ್ರೆ, ಹೇಳ್ಬಾರ್ದು. ನಿಮ್ಮ ಸೊಸೆ ದಿನಾ ಬೆಳಿಗ್ಗೆ ರಾಮಣ್ಣನ ಕೋಳಿ ಅಂಗ್ಡಿಗೆ ಹೋಗ್ತಾರೆ. ಮುಸುಕು ಹಾಕ್ಕೊಂಡು.” ಹೇಳಬಾರದು ಅಂದವನು ಅಷ್ಟೂ ಹೇಳಿ, ಒಂದು ಮೊಳ ಹೂವು ಜಾಸ್ತಿ ಕೊಟ್ಟು ಹೋದ.

ಪಂಚಾಕ್ಷರಯ್ಯನವರಿಗೆ ಹೊಳೆದದ್ದು ಒಂದೇ ಅರ್ಥ. ಆ ಡಾಕ್ಟರಮ್ಮ ಕಣ್ಣಿಗೆ ಒಳ್ಳೆಯದು ಅಂತ ಕೋಳಿ ತಿನ್ನಲು ಹೇಳಿದ್ದಾಳೆ, ಸೊಸೆ ತಿನ್ನುತ್ತಿದ್ದಾಳೆ! ಅವತ್ತು ಅವರು ಊಟ ಮಾಡಲಿಲ್ಲ. ಮೂರು ದಿನ ಸೊಸೆ ಬಡಿಸಿದ್ದನ್ನು ಸಂಶಯದಿಂದ ನೋಡುತ್ತಾ, ಅವಳು ಪಕ್ಕಕ್ಕೆ ಬಂದರೆ ಮೆಲ್ಲಗೆ ಮೂಗು ಏರಿಸಿ ಗಾಳಿ ಎಳೆದುಕೊಂಡರು. ಬರುತ್ತಿದ್ದದ್ದು ಬರೀ ವಿಭೂತಿಯ ವಾಸನೆ. ‘ಮಾವನಿಗೆ ನೆಗಡಿ ಆಗಿರಬೇಕು’ ಅಂತ ಪ್ರೇಮಕುಮಾರಿ ಶುಂಠಿ ಕಷಾಯ ಮಾಡಿಕೊಟ್ಟಳು. ಅದನ್ನೂ ಅವರು ಎರಡು ಸಲ ಮೂಸಿ ಕುಡಿದರು.

ನಾಲ್ಕನೇ ದಿನ ತಡೆಯಲಾಗಲಿಲ್ಲ. ಸೊಸೆ ಬಾಗಿಲು ದಾಟಿದ್ದೇ ಹಿಂದೆಯೇ ಹೊರಟರು. ಅವಸರದಲ್ಲಿ ಚಪ್ಪಲಿ ಮೆಟ್ಟಲು ಕೂಡ ಮರೆತಿತ್ತು. ಇಪ್ಪತ್ತು ವರ್ಷದಿಂದ ಆ ಅಂಗಡಿ ಬಂದರೆ ರಸ್ತೆಯ ಆ ಕಡೆಗೆ ದಾಟಿ, ಮೂಗಿಗೆ ಟವೆಲ್ಲು ಹಿಡಿದು ನಡೆದವರು, ಅವತ್ತು ನೇರವಾಗಿ ಅದರ ಬಾಗಿಲಿಗೆ ಹೋಗಿ ಕಂಬದ ಮರೆಯಲ್ಲಿ ನಿಂತರು.

ಒಳಗೆ ರಾಮಣ್ಣ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ಒಂದು ಸಲ, ಎರಡು ಸಲ, ಮೂರನೇ ಸಲ ಮೊಳಕೈ ತನಕ. ಗೂಟದಲ್ಲಿದ್ದ ಒಗೆದ ಬಿಳಿ ಟವೆಲ್ಲಿನಲ್ಲಿ ಒರೆಸಿಕೊಂಡ. ಆಮೇಲೆ ಮೂಲೆಯಲ್ಲಿ ಪ್ರತ್ಯೇಕವಾಗಿದ್ದ ಒಂದು ಪುಟ್ಟ ಹೊಸ ಫ್ರೀಜರ್ ತೆರೆದು, ಶುಭ್ರವಾದ ಬಟ್ಟೆಯಲ್ಲಿ ಸುತ್ತಿದ ಸ್ಟೀಲ್ ಡಬ್ಬಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಪ್ರೇಮಕುಮಾರಿಗೆ ಕೊಟ್ಟ. ಅವಳು ಸ್ಟೂಲಿನ ಮೇಲೆ ಕೂತು, ಒಂದು ಬಾಟ್ಲಿಯನ್ನು ಅಂಗೈಯಲ್ಲಿ ಕರಗಿಸಿ, ತಲೆ ಹಿಂದಕ್ಕೆ ಚಾಚಿ, ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಂಡಳು.

ಪಂಚಾಕ್ಷರಯ್ಯನವರನ್ನು ಮೊದಲು ನೋಡಿದ್ದು ರಾಮಣ್ಣ. ಗಾಬರಿಯಾಗಿ ಎರಡು ಹೆಜ್ಜೆ ಹಿಂದಕ್ಕೆ ಹೋದ.

“ಯಜಮಾನ್ರೆ, ತಪ್ಪು ತಿಳ್ಕಬ್ಯಾಡಿ. ಇದ್ರೊಳಿಕ್ಕೆ ಒಂದ್ ದಿನಾನೂ ಕೋಳಿ ಮಡಗಿಲ್ಲ. ಮದ್ಲು ಮೂರ್ ದಿನ ದೊಡ್ಡದ್ರಲ್ಲೇ ಒಂದ್ ಮೂಲೇಲಿ ಮಡಗಿದ್ದೆ, ಮನಸ್ ಒಪ್ನಿಲ್ಲ. ಲಿಂಗ ಕಟ್ಟಿರೋ ಎಣ್ಮಗಳ ಸಾಮಾನು ಅಂತ ಈ ಚಿಕ್ಕದನ್ನ ಬ್ಯಾರೆ ತಂದ್ ಮಡಗಿವ್ನಿ. ಕೈ ತೊಳೀದೆ ಮುಟ್ಟಿಲ್ಲ ಕಣ್ರೀ.”

ಮುದುಕರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಬೈಯಲು ಬಂದವರಿಗೆ ತಮ್ಮ ಬಗ್ಗೆಯೇ ನಾಚಿಕೆಯಾಗಿತ್ತು. ತಮ್ಮ ಮನೆಯ ಸೊಸೆಯ ಮದ್ದಿಗೆ ಮನೆಯಲ್ಲಿ ಜಾಗವಿಲ್ಲ ಅಂದವರು ತಾವು. ಅದಕ್ಕೆ ಮಡಿ ಮಾಡಿ ಇಟ್ಟುಕೊಂಡವನು ಕೋಳಿ ಕುಯ್ಯುವ ರಾಮಣ್ಣ.

“ಎಲ್ಲಿ ಕೊಡು, ನೋಡಾಣ” ಅಂದರು. ಪ್ರೇಮಕುಮಾರಿ ಬಾಟ್ಲಿಯನ್ನು ಅವರ ಕೈಗಿಟ್ಟಳು. ಬೆಳಕಿಗೆ ಹಿಡಿದು ನೋಡಿದರು. “ಕೆಂಪಗೇ ಇಲ್ವಲ್ಲಮ್ಮ. ತುಪ್ಪದಂಗದೆ.”

“ಕೆಂಪೆಲ್ಲ ತಳಕ್ಕೆ ಕೂತ್ಕೊಳ್ತದಂತೆ ಮಾವ. ಇದು ಮೇಲಿನ ತಿಳಿ.”

“ನಾನು ನೀನು ಕೋಳಿ ತಿಂತಿದ್ದೀಯ ಅಂದ್ಕೊಂಡಿದ್ದೆ ಕಣಮ್ಮ” ಅಂದುಬಿಟ್ಟರು.

ಪ್ರೇಮಕುಮಾರಿಗೆ ಮಾವ ಕಷಾಯ ಮೂಸಿದ್ದು ನೆನಪಾಯಿತು. ಆಮೇಲೆ ನಗು ಬಂತು ನೋಡಿ, ಸ್ಟೂಲು ಅಲುಗಾಡುವಷ್ಟು ನಗು. ರಾಮಣ್ಣ ನಕ್ಕ, ಮುದುಕರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಲೆಯೊಳಗಿನ ಕೋಳಿಗಳು ಗಾಬರಿಯಿಂದ ಕೊಕ್ಕೊಕ್ ಅಂದವು. ಆ ಬೆಳಿಗ್ಗೆ ನಗುವ ಸ್ಥಿತಿಯಲ್ಲಿ ಇಲ್ಲದಿದ್ದವು ಅವು ಮಾತ್ರ.

ಡಬ್ಬಿಯನ್ನು ಪಂಚಾಕ್ಷರಯ್ಯನವರೇ ಎದೆಗವಚಿಕೊಂಡು ಬರಿಗಾಲಲ್ಲಿ ಮನೆಗೆ ತಂದರು. ಫ್ರೀಜರಿನಲ್ಲಿದ್ದ ಹಳೆಯ ಬಟಾಣಿ ಪೊಟ್ಟಣ ತೆಗೆಸಿ ಜಾಗ ಮಾಡಿ ಇಟ್ಟರು. ಮುಚ್ಚಳದ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಕೋಳಿ ಅಂಗಡಿಗೆ ಹೋಗಿ ಬಂದವರು ಸ್ನಾನ ಮಾಡಲಿಲ್ಲ ಅನ್ನುವುದನ್ನು ಗೌರೀಶ ಗಮನಿಸಿದ. ಈ ಸಲ ಅವನು ಏನೂ ಹೇಳದೆ ಅಂಗಡಿಗೆ ಹೋದ. ಸಂಜೆ ರಾಮಣ್ಣನ ಮನೆಗೆ ಒಂದು ಡಬ್ಬಿ ಹೋಳಿಗೆ ಹೋಯಿತು.

ಉಳಿದದ್ದು ರೆಪ್ಪೆಯ ಪ್ರಶ್ನೆ. ಎರಡು ದಿನ ಮಾವನವರು ಅದನ್ನೇ ಯೋಚಿಸಿದರು. ಮೂರನೇ ದಿನ ಪೂಜೆಗೆ ಕೂತಾಗ ಬಲಗೈಯಲ್ಲಿ ಪುಟ್ಟ ಗಂಟೆ ಹಿಡಿದಿದ್ದರು. “ಒಂದ್ ಸಲ ಮುಚ್ಚಿ ತೆಗೆದ್ರೆ ಲಿಂಗ ಎಲ್ಲೂ ಓಡೋಗಲ್ಲ ಕಣಮ್ಮ. ಗಂಟೆ ಟಿಣ್ ಅಂದಾಗ ಪೂರ್ತಿ ಮುಚ್ಚು, ಪೂರ್ತಿ ತೆರಿ.” ಅವರು ಮನಸ್ಸಿನಲ್ಲೇ ಐದು ಎಣಿಸಿ ಟಿಣ್ ಅನ್ನಿಸುವುದು, ಅವಳು ಮುಚ್ಚಿ ತೆರೆಯುವುದು. ಹೊಸ ಪೂಜೆ ಹೀಗೆ ನಡೆಯಿತು. ಡಿಪೋದಲ್ಲಿ ಕೂತಾಗಲೂ ಹೊರಗೆ ಯಾವುದಾದರೂ ಗಂಟೆಯ ಸದ್ದು ಕೇಳಿದರೆ ಅವಳ ರೆಪ್ಪೆ ತಾನಾಗಿ ಮುಚ್ಚಿ ತೆರೆಯುತ್ತಿತ್ತು. ಹನಿ ಆರು ಸಲ, ಮಾತ್ರೆ ಹೊತ್ತಿಗೆ ಸರಿಯಾಗಿ. ಎರಡನೇ ತಿಂಗಳಿಗೆ ಉರಿ ಹಿಡಿತಕ್ಕೆ ಬಂತು. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದಾಗ ಕಣ್ಣಿನ ನೆನಪೇ ಆಗಲಿಲ್ಲ. ಅದು ಹೊಳೆದದ್ದು ಕಾಫಿ ಕುಡಿದಾದ ಮೇಲೆ.

ಪರೀಕ್ಷೆಯ ದಿನ ಹಾಸನಕ್ಕೆ ಮಾವನವರೂ ಜೊತೆಗೆ ಹೊರಟರು. ಬೇಡ ಅಂದರೂ ಕೇಳಲಿಲ್ಲ. ಡಾಕ್ಟರು ಕಾಗದದ ಪಟ್ಟಿ ಇಟ್ಟರು. ಆ ಐದು ನಿಮಿಷದಲ್ಲಿ ಪ್ರೇಮಕುಮಾರಿಗೆ ಅರಕಲಗೂಡಿನ ಡಿಪೋದ ಫ್ಯಾನು ತಿರುಗುವುದು, ಹಳ್ಳಿಮೈಸೂರಿನ ಸ್ಟಾಪು, ಬದನೆಕಾಯಿ ಎಲ್ಲ ಕಣ್ಣ ಮುಂದೆ ಬಂದು ಹೋದವು. ಪಟ್ಟಿ ತೆಗೆದರೆ ಏಳು ಗೆರೆ. ನೀಲಿ ಬೆಳಕಿನಲ್ಲಿ ಚುಕ್ಕೆಗಳು ಬೆರಳಲ್ಲಿ ಎಣಿಸುವಷ್ಟು ಮಾತ್ರ ಉಳಿದಿದ್ದವು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ, ಸ್ಟಾಪುಗಳ ಹೆಸರು ಕೂಗುವಂತೆ ಜೋರಾಗಿ ಓದಿದಳು. ಹೊರಗೆ ಕೂತ ರೋಗಿಗಳೆಲ್ಲ ತಿರುಗಿ ನೋಡಿದರು.

“ಗಾಡಿ ಹತ್ತಬಹುದು” ಅಂತ ಡಾಕ್ಟರು ಸಹಿ ಹಾಕಿದರು. “ಹನಿ, ಮಾತ್ರೆ ನಿಲ್ಲಿಸೋ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಬರ್ಬೇಕು.”

“ನಂದೂ ಒಂದ್ ಸಲ ನೋಡಿ ಅಮ್ಮ” ಅಂತ ಮಾವನವರು ಕುರ್ಚಿಯಲ್ಲಿ ಕೂತುಬಿಟ್ಟರು. ಸಾಟಿಯಿಲ್ಲದ ಕಣ್ಣು ತಮ್ಮದು ಅನ್ನುವುದು ಡಾಕ್ಟರಿಗೂ ತಿಳಿಯಲಿ ಅನ್ನುವುದು ಅವರ ಆಸೆ. ಪಟ್ಟಿ ನೆನೆದದ್ದು ನಾಲ್ಕು ಗೆರೆ. “ಅಜ್ಜಾ, ಇವರಿಗಿಂತ ನಿಮ್ಮದೇ ಒಣಗಿದೆ. ನಿಮಗೆ ಆ ಕಾಯಿಲೆಯೇನೂ ಕಾಣಿಸ್ತಿಲ್ಲ, ವಯಸ್ಸು, ಜೊತೆಗೆ ಅಷ್ಟು ವರ್ಷದ ದಿಟ್ಟಿ. ನೀವೂ ರೆಪ್ಪೆ ಬಡೀರಿ” ಅಂದರು ಡಾಕ್ಟರು. ಪಂಚಾಕ್ಷರಯ್ಯನವರು ವಾಪಸ್ಸು ಬರುವಾಗ ಹೊಳೆನರಸೀಪುರದ ತನಕ ಕಿಟಕಿಯ ಕಡೆ ತಿರುಗಿ ರೆಪ್ಪೆ ಬಡಿದು ಬಡಿದು ನೋಡಿಕೊಂಡರು. ಆಮೇಲೆ ಮೆಲ್ಲಗೆ ಅಂದರು: “ನಾಳೆಯಿಂದ ಗಂಟೆ ಇಬ್ಬರಿಗೂ ಸೇರಿ.”

ಆ ಸೋಮವಾರ ಪ್ರೇಮಕುಮಾರಿ ಮತ್ತೆ ಗಾಡಿ ಹತ್ತಿದಳು. ಗಾಳಿ ತಡೆಯುವ ಅಗಲ ಕನ್ನಡಕ, ಹೆಗಲಿಗೆ ಚೀಲ, ಚೀಲದ ಪಕ್ಕದಲ್ಲಿ ಐಸಿನ ಫ್ಲಾಸ್ಕು. ಮುಂದಿನ ಸೀಟಿನಲ್ಲಿ ಮಾವನವರು ಗರಿಗರಿ ಪಂಚೆ ಉಟ್ಟು ಕೂತಿದ್ದರು. ಎಲ್ಲಿಗೆ ಅಂತ ಕೇಳಿದರೆ “ಎಲ್ಲಿಗೂ ಇಲ್ಲ, ಚನ್ರಾಯಪಟ್ಣಕ್ಕೆ ಹೋಗಿ ಬರೋದು” ಅಂದರು. ಟಿಕೆಟ್ಟಿಗೆ ದುಡ್ಡು ಕೊಟ್ಟು, ಟಿಕೆಟ್ಟನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟರು. ಅರಕಲಗೂಡಿನಲ್ಲಿ ಸಣ್ಣಕ್ಕ ಖಾಲಿ ಮಂಕರಿ ಹಿಡಿದು ಹತ್ತಿದಳು. “ಬಂದ್ಯೇನವ್ವಾ! ಆ ಉಡ್ಗ ರೈಟು ಅಂದ್ರೆ ರೈಟು ಅಂದಂಗೇ ಇರ್ನಿಲ್ಲ” ಅಂದಳು. ಬಸ್ಸೆಲ್ಲ ನಕ್ಕಿತು.

ಹಳ್ಳಿಮೈಸೂರು ಬಂತು. ಗಾಡಿ ನಿಂತಿತು. ಸಣ್ಣಕ್ಕ ಮಂಕರಿ ಎತ್ತಿಕೊಂಡು ಬಾಗಿಲಿಗೆ ಬಂದಳು. ಪ್ರೇಮಕುಮಾರಿಯ ಕೈ ಬಾಗಿಲ ಕಂಬಿಯನ್ನು ಬಿಗಿಯಾಗಿ ಹಿಡಿಯಿತು. ಅದೇ ಮೆಟ್ಟಿಲು, ಅದೇ ಮುದುಕಿ. ಬಾಯಿ ಒಣಗಿತು, ಈ ಸಲ ಕಾಯಿಲೆಯಿಂದಲ್ಲ. ಆಗ ಮುಂದಿನ ಸೀಟಿನಿಂದ ಟಿಣ್ ಅಂತ ಸದ್ದು. ಮಾವನವರು ಜೇಬಿನಿಂದ ಪೂಜೆಯ ಗಂಟೆ ತೆಗೆದಿದ್ದರು!

“ಮುಗೀತು, ಇನ್ಮೇಲೆ ಇದನ್ನ ಗಂಟೆ ಗಾಡಿ ಅಂತಾರೆ. ನನ್ ಹೆಸ್ರು ಈ ಜನ್ಮಕ್ಕೆ ಬರಲ್ಲ” ಅಂದ ಕಾಂತರಾಜು.

ಪ್ರೇಮಕುಮಾರಿ ಕಣ್ಣನ್ನು ಪೂರ್ತಿ ಮುಚ್ಚಿದಳು, ಪೂರ್ತಿ ತೆರೆದಳು, ಬಗ್ಗಿ ನೋಡಿದಳು. ಕೆಳಗೆ ಸಣ್ಣಕ್ಕ ಅವಳಿಗೆ ಕಾಣಲಿ ಅಂತ ಸೀರೆಯನ್ನು ಒಸಿ ಮೇಲಕ್ಕೆತ್ತಿ, ದಪ್ ದಪ್ ಅಂತ ಎರಡೂ ಕಾಲನ್ನು ನೆಲಕ್ಕೆ ಬಡಿದು ತೋರಿಸುತ್ತಿದ್ದಳು. ಹಿಮ್ಮಡಿಯ ಬಿರುಕು, ಕಾಲುಂಗುರ, ಅದಕ್ಕೆ ಮೆತ್ತಿದ ಕೆಮ್ಮಣ್ಣು ಎಲ್ಲ ಸ್ಪಷ್ಟವಾಗಿ ಕಂಡವು.

“ರೈಟ್!” ಅಂದಳು ಪ್ರೇಮಕುಮಾರಿ.